ಕೆಡವಿದ್ದು ಯಾರ ಮನೆಯನ್ನು?

ನಮ್ಮ ದಾವಣಗೆರೆಯನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆದು ಕೊರಳಿಗೆ ಹಾರ ಹಾಕಿಸಿಕೊಂಡ ದೊಡ್ಡ ಮನುಷ್ಯರ ಸಂಖ್ಯೆ ಸಣ್ಣದಲ್ಲ. ಗಿರಣಿಗಳ ಕೂಗು ಊರಿಗೆಲ್ಲ ಕೇಳುತ್ತಿದ್ದ ಕಾಲದಲ್ಲಿ ಹಾಗೆ ಕರೆದರು. ಒಂದೊಂದಾಗಿ ಅವುಗಳ ಬಾಗಿಲಿಗೆ ಬೀಗ ಬಿದ್ದ ಮೇಲೂ ಕರೆಯುತ್ತಲೇ ಇದ್ದಾರೆ. ಆದರೆ ಆ ಅಸಲಿ ಮ್ಯಾಂಚೆಸ್ಟರಿನಲ್ಲಿ ದುಡಿಯುವವರು ಕೂತೆದ್ದ ಬೀದಿಗಳಿಗೆ ಏನು ಗತಿಯಾಯಿತೆಂದು ಈ ಮಹನೀಯರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಿದ್ದುಂಟೇ? ಹೋಲಿಕೆ ಕೊಡುವವರು ಅದನ್ನು ಪೂರ್ತಿಯಾಗಿ ಕೊಡಬೇಕು. ಅವರು ಅರ್ಧಕ್ಕೆ ಬಿಟ್ಟದ್ದನ್ನು ನಾವು ಹೇಳುತ್ತೇವೆ.

ಇದು ಎರಡು ಪಾನಗೃಹಗಳ ಕಥೆ, ಅವುಗಳ ಸುತ್ತಣ ಬೀದಿಗಳ ಕಥೆ. ಪಾನಗೃಹ ಎಂದ ಕೂಡಲೆ ನಮ್ಮ ಓದುಗರಲ್ಲಿ ಕೆಲವರು ಹುಬ್ಬೇರಿಸುತ್ತಾರೆಂಬುದು ನಮಗೆ ಗೊತ್ತು. ಅವರಿಗೆ ಉತ್ತರ ಮುಂದೆ ಬರುತ್ತದೆ. ಸ್ವಲ್ಪ ತಾಳ್ಮೆ ಇರಲಿ.

ಮ್ಯಾಂಚೆಸ್ಟರಿನ ನಡುಪೇಟೆಯಲ್ಲಿ, ಊರಿನ ದೊಡ್ಡ ಇಗರ್ಜಿಯಿಂದ ಕೂಗಳತೆಯ ದೂರದಲ್ಲಿ, ವಿದಿ ಗ್ರೋವ್ ಎಂಬ ಬೀದಿಯಿದೆ. ಅದು ಏರುತ್ತ ಹೋಗಿ ಶೂಡ್‌ಹಿಲ್ ಎಂಬ ಇನ್ನೊಂದು ಬೀದಿಯನ್ನು ಕೂಡುತ್ತದೆ. ಅಲ್ಲಿ ಮರದ ಚೌಕಟ್ಟಿನ ಎರಡು ಹಳೆಯ ಮನೆಗಳಿದ್ದವು. ಒಂದರ ಹೆಸರು ‘ಸೆವೆನ್ ಸ್ಟಾರ್ಸ್’, ಎಂದರೆ ಏಳು ನಕ್ಷತ್ರ. ಇನ್ನೊಂದರ ಹೆಸರು ‘ರೋವರ್ಸ್ ರಿಟರ್ನ್’, ಎಂದರೆ ಅಲೆದಾಡಿದವನು ಮರಳಿ ಬಂದ. ಎರಡೂ ಪಾನಗೃಹಗಳೇ. ಸೆವೆನ್ ಸ್ಟಾರ್ಸಿನವರು ತಮ್ಮ ಲೈಸೆನ್ಸು 1356ರಿಂದ ನಡೆದುಬಂದದ್ದೆಂದು ಹೇಳಿಕೊಳ್ಳುತ್ತಿದ್ದರು. ತುಂಗಭದ್ರೆಯ ದಡದಲ್ಲಿ ವಿಜಯನಗರದ ಅಡಿಪಾಯ ಬಿದ್ದು ಇಪ್ಪತ್ತು ವರ್ಷವಾಗಿದ್ದ ಕಾಲವದು! ನೆರೆಯ ರೋವರ್ಸ್ ರಿಟರ್ನಿನವರು ತಮ್ಮದು ಅದಕ್ಕೂ ಹಳೆಯದೆಂದು ಜಗಳಕ್ಕೆ ನಿಲ್ಲುತ್ತಿದ್ದರು. ಪಂಡಿತರು ಈ ಎರಡು ಮಾತನ್ನೂ ಪೂರ್ತಿಯಾಗಿ ಒಪ್ಪುವುದಿಲ್ಲ. ನಮಗೂ ಆ ಜಗಳ ಬೇಡ. ಹಲವು ತಲೆಮಾರುಗಳ ಜನ ಆ ಎರಡು ಹೊಸ್ತಿಲುಗಳನ್ನು ದಾಟಿದರು ಎಂಬುದಷ್ಟು ಸಾಕು.

ಸೆವೆನ್ ಸ್ಟಾರ್ಸನ್ನು 1911ರಲ್ಲಿ ಕೆಡವಿದರು. ರೋವರ್ಸ್ ರಿಟರ್ನ್ ಪಾನಗೃಹವಾಗಿ ಬಾಗಿಲು ಹಾಕಿ ಹಲವು ವರ್ಷ ಬೇರೆ ಬೇರೆ ವ್ಯಾಪಾರಕ್ಕೆ ಒದಗಿ, ಕೊನೆಗೆ 1958ರಲ್ಲಿ ನೆಲಕ್ಕುರುಳಿತು. ಇನ್ನು ಮುಂದಿನದನ್ನು ಗಮನವಿಟ್ಟು ಓದಬೇಕು. ಎರಡೇ ವರ್ಷ ಕಳೆದು, 1960ರ ಡಿಸೆಂಬರಿನಲ್ಲಿ, ಅದೇ ಮ್ಯಾಂಚೆಸ್ಟರಿನ ಒಂದು ಟೆಲಿವಿಷನ್ ಕಂಪನಿ ‘ಕೊರೊನೇಶನ್ ಸ್ಟ್ರೀಟ್’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಕೂಲಿಕಾರರ ಒಂದು ಬೀದಿ. ಬೀದಿಯ ಮೂಲೆಗೊಂದು ಪಾನಗೃಹ. ಅದರ ಹೆಸರು ‘ರೋವರ್ಸ್ ರಿಟರ್ನ್’! ಆ ಧಾರಾವಾಹಿ ಇಂದಿಗೂ ನಡೆಯುತ್ತಿದೆ. ಆರು ದಶಕ ಮೀರಿದರೂ ಅಲ್ಲಿ ಗ್ಲಾಸು ತುಂಬುತ್ತಲೇ ಇದೆ. ಇಟ್ಟಿಗೆ ಮರಗಳ ನಿಜವಾದ ಮನೆಗೆ ಆ ನಗರದಲ್ಲಿ ಜಾಗವಿರಲಿಲ್ಲ. ನಾಟಕದ ಮನೆಗೆ ಮಾತ್ರ ಜಾಗವೂ ಸಿಕ್ಕಿತು, ಹಣವೂ ಸಿಕ್ಕಿತು. ಹಲಗೆ ಬಡಿದು ನಿಲ್ಲಿಸಿದ ಆ ಬೀದಿಯನ್ನು ಟಿಕೆಟ್ಟು ಕೊಂಡು ನೋಡಲು ಜನರನ್ನು ಕರೆದೂ ಆಯಿತು. ಬಡವನ ಬೀದಿ ಬಡವನ ಕೈಯಲ್ಲಿದ್ದಾಗ ಅದು ಕೊಳಕು. ಅದೇ ಬೀದಿ ಕಂಪನಿಯ ಕೈಗೆ ಬಂದರೆ ಸಂಸ್ಕೃತಿ. ಈ ಲೆಕ್ಕವನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೆಂದು ನಾವು ಕೇಳುತ್ತೇವೆ.

ಈಗ ಹುಬ್ಬೇರಿಸಿದವರಿಗೆ ಉತ್ತರ. ಕುಡಿತದಿಂದ ಹಾಳಾದ ಸಂಸಾರಗಳು ನಮ್ಮ ಗಿರಣಿ ವಠಾರಗಳಲ್ಲಿ ಎಷ್ಟಿದ್ದವೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂಬಳದ ದಿನ ಗಿರಣಿಯ ಗೇಟಿನ ಬಳಿ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಗಂಡನಿಗಾಗಿ ಕಾದು ನಿಂತ ತಾಯಂದಿರನ್ನು ನಾವು ಮರೆತಿಲ್ಲ. ಇಂಗ್ಲೆಂಡಿನ ಪಾನಗೃಹವೂ ದೇವಸ್ಥಾನವಾಗಿರಲಿಲ್ಲ. ಅಲ್ಲಿನ ಮೇಸ್ತ್ರಿಗಳು ಕೂಲಿಕಾರರಿಗೆ ಪಾನಗೃಹದಲ್ಲಿಯೇ ಕೂಲಿ ಬಟವಾಡೆ ಮಾಡುತ್ತಿದ್ದರು. ಎಣಿಸಿಕೊಂಡ ಕಾಸು ಮೇಜು ದಾಟುವ ಮೊದಲೇ ಅರ್ಧ ಕರಗಬೇಕು, ಅದು ಉಪಾಯ. ಈ ಅನ್ಯಾಯ ಎಷ್ಟು ಬೆಳೆಯಿತೆಂದರೆ, ಪಾನಗೃಹಗಳಲ್ಲಿ ಕೂಲಿ ಕೊಡಕೂಡದೆಂದು 1883ರಲ್ಲಿ ಪಾರ್ಲಿಮೆಂಟು ಒಂದು ಕಾನೂನನ್ನೇ ಮಾಡಬೇಕಾಯಿತು. ಇದನ್ನು ಮುಚ್ಚಿಟ್ಟು ಪಾನಗೃಹವನ್ನು ಹೊಗಳುವುದು ಅಪ್ರಾಮಾಣಿಕತೆ.

ಹಾಗಾದರೆ ನಮ್ಮ ತಕರಾರೇನು? ಇಂಗ್ಲಿಷರು ಇಂಥ ಮನೆಯನ್ನು ‘ಪಬ್’ ಎನ್ನುತ್ತಾರೆ. ಅದು ‘ಪಬ್ಲಿಕ್ ಹೌಸ್’ ಎಂಬುದರ ಮೊಟಕು. ಎಂದರೆ ಸಾರ್ವಜನಿಕರ ಮನೆ. ಹನ್ನೆರಡು ಹದಿನಾಲ್ಕು ಗಂಟೆ ಮಗ್ಗದ ಮುಂದೆ ನಿಂತವನಿಗೆ ಸ್ವಂತ ಮನೆ ಎಂಬುದು ಎಷ್ಟಿತ್ತು? ಒಂದು ಕೋಣೆ, ಅದರಲ್ಲಿ ಏಳೆಂಟು ಜನ, ಉರಿಸಲು ಇದ್ದಿಲಿಲ್ಲ, ಹೊರಗೆ ಮಳೆ. ಧಣಿಗೆ ಕ್ಲಬ್ಬಿತ್ತು, ಬೈಠಕ್ಕಿನ ಕೋಣೆಯಿತ್ತು, ವಾಚನಾಲಯವಿತ್ತು. ಕೂಲಿಕಾರನಿಗೆ ಬೆಂಕಿಗೂಡು, ಬೆಂಚು, ನಾಲ್ಕು ಜನರ ಮಾತು ಸಿಗುತ್ತಿದ್ದ ಜಾಗ ಒಂದೇ, ಬೀದಿಯ ಮೂಲೆಯ ಆ ಮನೆ. ಕೂಲಿಕಾರರು ಕೂಡಿ ಸಂಘ ಕಟ್ಟುವುದೇ ಅಪರಾಧವೆಂದು ಇಂಗ್ಲೆಂಡಿನ ಸರಕಾರ 1799ರಲ್ಲಿ ಕಾನೂನು ಮಾಡಿತ್ತು; 1824ರವರೆಗೆ ಅದು ಜಾರಿಯಲ್ಲಿತ್ತು. ಆ ಇಪ್ಪತ್ತೈದು ವರ್ಷ ನೇಕಾರರು, ನೂಲುವವರು, ಬಡಗಿಗಳು, ಟೋಪಿ ಮಾಡುವವರು ಎಲ್ಲಿ ಕೂಡಿದರು? ಪಾನಗೃಹದ ಮಹಡಿಯ ಮೇಲಿನ ಕೋಣೆಯಲ್ಲಿ. ಸಂಘದ ದುಡ್ಡಿನ ಪೆಟ್ಟಿಗೆ ಇರುತ್ತಿದ್ದದ್ದು ಅಲ್ಲಿ. ಸತ್ತವನ ಹೆಣಕ್ಕೆ ಮರ್ಯಾದೆಯ ಮಣ್ಣು ಸಿಗಲೆಂದು ವಾರವಾರ ಪೈಸೆ ಕೂಡಿಸುತ್ತಿದ್ದದ್ದು ಅಲ್ಲಿ. ಕೆಲಸ ಹುಡುಕಿ ಊರೂರು ಅಲೆಯುವ ಕಸುಬುದಾರ ಮೊದಲು ಕಾಲಿಡುತ್ತಿದ್ದದ್ದೂ ಅಲ್ಲಿಯೇ. ಯಾವ ಧಣಿಯ ಹತ್ತಿರ ಕೆಲಸ ಖಾಲಿಯಿದೆ, ಯಾವ ಧಣಿ ಕೂಲಿ ಮುರಿಯುತ್ತಾನೆ ಎಂಬ ಸುದ್ದಿ ಸಿಗುತ್ತಿದ್ದದ್ದು ಅಲ್ಲಿ.

ನಮ್ಮಲ್ಲಿ ಚಹದ ಹೋಟೆಲಿನ ಬೆಂಚು, ಅರಳೀಕಟ್ಟೆ, ಪಾಳಿ ಬಿಟ್ಟ ಮೇಲೆ ಮಂಡಕ್ಕಿ ಮೆಣಸಿನಕಾಯಿಯ ಅಂಗಡಿ ಮಾಡಿದ ಕೆಲಸವನ್ನು ಅಲ್ಲಿ ಪಾನಗೃಹ ಮಾಡುತ್ತಿತ್ತು. ಕುಡಿಯುವುದು ಬೇಡವೆನ್ನುವವರು ಅಲ್ಲಿ ಚಹ ಮಾರಿಸಲಿ, ಅಂಬಲಿ ಮಾರಿಸಲಿ, ನಮ್ಮ ಒಪ್ಪಿಗೆಯಿದೆ. ಬೆಂಚನ್ನೇ ಎತ್ತಿಕೊಂಡು ಹೋಗುವವನು ಪಾನನಿರೋಧದ ಮಾತಾಡಿದರೆ ನಾವು ನಂಬುವುದಿಲ್ಲ.

ಆ ಎರಡು ಮನೆಗಳ ಸುತ್ತಣ ಬೀದಿಗಳನ್ನು ಒಂದು ಸುತ್ತು ಹಾಕಿ ಬರೋಣ. ಶೂಡ್‌ಹಿಲ್ ಸಂತೆಯ ಬೀದಿ. ಅಲ್ಲಿ ಕೋಳಿ ಮಾರುವವರಿದ್ದರು, ತರಕಾರಿ ಮಾರುವವರಿದ್ದರು, ತಳ್ಳುಗಾಡಿಯಂಥ ಕಟ್ಟೆಗಳ ಮೇಲೆ ಹಳೆಯ ಪುಸ್ತಕ ಹರಡಿಕೊಂಡು ಕೂತವರಿದ್ದರು. ಮಂಡಿಪೇಟೆಯ ನಮ್ಮ ವ್ಯಾಪಾರಿ ಬಂಧುಗಳನ್ನು ಕಣ್ಣು ಕಟ್ಟಿ ಅಲ್ಲಿ ಬಿಟ್ಟಿದ್ದರೆ, ಚಳಿಯೊಂದನ್ನು ಬಿಟ್ಟು ಬೇರೆ ಯಾವ ವ್ಯತ್ಯಾಸವೂ ಅವರಿಗೆ ಗೊತ್ತಾಗುತ್ತಿರಲಿಲ್ಲ. 1757ರಲ್ಲಿ ದವಸದ ಬೆಲೆ ಏರಿದಾಗ ಹಸಿದ ಜನ ದಂಗೆಯೆದ್ದದ್ದು ಇದೇ ಶೂಡ್‌ಹಿಲ್ಲಿನಲ್ಲಿ. ಸಿಪಾಯಿಗಳು ಬಂದರು, ಗುಂಡು ಹಾರಿತು, ಜನ ಸತ್ತರು. ‘ಶೂಡ್‌ಹಿಲ್ ಕಾಳಗ’ ಎಂದು ಆ ಊರಿನ ಇತಿಹಾಸದಲ್ಲಿ ಅದಕ್ಕೆ ಹೆಸರಿದೆ. ಹಸಿವಿನ ವಿರುದ್ಧ ನಡೆದದ್ದಕ್ಕೂ ಕಾಳಗವೆಂದೇ ಹೆಸರು. ಒಂದು ಕಡೆ ಬಂದೂಕು, ಇನ್ನೊಂದು ಕಡೆ ಕಲ್ಲು.

ನಾಲ್ಕು ಹೆಜ್ಜೆ ಮುಂದೆ ಹೋದರೆ ಲಾಂಗ್ ಮಿಲ್‌ಗೇಟ್. ಅಲ್ಲಿ 1653ರಲ್ಲಿ ಸ್ಥಾಪನೆಯಾದ ಚೀತಮ್ಸ್ ಪುಸ್ತಕಾಲಯವಿದೆ. ಯಾರು ಬೇಕಾದರೂ ಹೋಗಿ ಓದಬಹುದಾದ ಹಳೆಯ ಪುಸ್ತಕಾಲಯ ಅದು. 1845ರ ಬೇಸಗೆಯಲ್ಲಿ ಕಿಟಕಿಯ ಪಕ್ಕದ ಒಂದು ಮೇಜಿನ ಮುಂದೆ ಇಬ್ಬರು ಯುವಕರು ಕೂತು ಅರ್ಥಶಾಸ್ತ್ರದ ಪುಸ್ತಕಗಳನ್ನು ತಿರುವಿಹಾಕಿದರು. ಒಬ್ಬನ ಹೆಸರು ಮಾರ್ಕ್ಸ್, ಇನ್ನೊಬ್ಬನ ಹೆಸರು ಎಂಗೆಲ್ಸ್. ಎಂಗೆಲ್ಸನ ತಂದೆಗೆ ಮ್ಯಾಂಚೆಸ್ಟರಿನಲ್ಲಿ ಗಿರಣಿಯ ಪಾಲಿತ್ತು. ಧಣಿಯ ಮಗ ಇದೇ ಗಲ್ಲಿಗಳಲ್ಲಿ ಅಲೆದು, ಕೂಲಿಕಾರರ ಬಾಳನ್ನು ಕಣ್ಣಾರೆ ಕಂಡು ಪುಸ್ತಕ ಬರೆದ. ಅವನು ಕಂಡುಹಿಡಿದ ಒಂದು ಸಂಗತಿಯನ್ನು ನಮ್ಮ ಓದುಗರು ತಮ್ಮ ಊರಿಗೂ ಹಚ್ಚಿ ನೋಡಬಹುದು. ಧಣಿಗಳು ತಮ್ಮ ಬಂಗಲೆಗಳಿಂದ ಪೇಟೆಗೆ ಬಂದುಹೋಗುವ ಹೆದ್ದಾರಿಗಳ ಎರಡೂ ಬದಿಗೆ ಅಂಗಡಿಗಳ ಸಾಲಿತ್ತು. ಆ ಸಾಲಿನ ಬೆನ್ನಿಗೇ ಕೂಲಿಕಾರರ ಕೊಳಚೆ ಗಲ್ಲಿಗಳಿದ್ದರೂ ಧಣಿಯ ಕಣ್ಣಿಗೆ ಅವು ಬೀಳುತ್ತಲೇ ಇರಲಿಲ್ಲ. ನಗರ ತಾನಾಗಿಯೇ ಪರದೆ ಕಟ್ಟಿಕೊಂಡಿತ್ತು. ಕೆಡವುವವರು ಆಮೇಲೆ ಬಂದರು. ಮೊದಲಿನವರು ಮುಚ್ಚಿಟ್ಟರು, ಇವರು ಇಲ್ಲವಾಗಿಸಿದರು.

ಅದೇ ವಿದಿ ಗ್ರೋವಿನಲ್ಲಿ 1873ರಲ್ಲಿ ಒಂದು ದೊಡ್ಡ ಮುದ್ರಣಾಲಯ ಎದ್ದಿತು. ಮುಂದೆ ಒಂದು ಶತಮಾನಕ್ಕೂ ಹೆಚ್ಚು ಕಾಲ ರಾತ್ರಿಯೆಲ್ಲ ಪತ್ರಿಕೆಗಳ ಯಂತ್ರ ಗುಡುಗುತ್ತಿದ್ದ ಬೀದಿ ಅದು. ಬೆಳಗಿನ ಜಾವ ಕೈಗೆ ಮಸಿ ಬಳಿದುಕೊಂಡು ಹೊರಬರುವ ಅಚ್ಚುಮೊಳೆಯ ಜನರಿಗೆ, ಅದೇ ಹೊತ್ತಿಗೆ ಸಂತೆಗೆ ಗಾಡಿ ಹೊಡೆದುಕೊಂಡು ಬರುವವರಿಗೆ, ಆ ಬೀದಿಯೇ ಊರು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, 1863ರಲ್ಲಿ ಆರಂಭವಾದ ಸಹಕಾರಿ ಸಗಟು ಸಂಘದ ಕಚೇರಿ, ಕೂಲಿಕಾರರು ತಾವೇ ಬಂಡವಾಳ ಹೂಡಿ ನಡೆಸಿದ ಸಂಸ್ಥೆ. ಹಸಿವಿನ ದಂಗೆ, ಪುಸ್ತಕ, ಪತ್ರಿಕೆ, ಸಹಕಾರ, ಸಂತೆ. ಇಷ್ಟೆಲ್ಲ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ನಡೆದು ಮುಗಿಸಬಹುದಾದ ಜಾಗದಲ್ಲಿ. ಇದರ ನಡುವೆ ಕೂತು ಮಾತಾಡಲು ಎರಡು ಮನೆ.

ಇದನ್ನು ಕೆಡವಿದ ಬಗೆ ಹೇಗೆ? ಒಂದೇ ಸಲಕ್ಕಲ್ಲ. ಮೊದಲು ಒಂದು ಶಬ್ದ ಬರುತ್ತದೆ: ‘ಶಿಥಿಲ’. ಹಿಂದೆಯೇ ಇನ್ನೊಂದು: ‘ಗಲೀಜು’. ಮೂರನೆಯದು ಎಲ್ಲಕ್ಕಿಂತ ದೊಡ್ಡದು: ‘ಅಭಿವೃದ್ಧಿ’. 1911ಕ್ಕೆ ಒಂದು ಮನೆ, 1958ಕ್ಕೆ ಇನ್ನೊಂದು. ಆಮೇಲೆ 1970ರ ದಶಕ ಬಂದಾಗ, ಮನೆಗಳನ್ನು ಒಂದೊಂದಾಗಿ ಎಣಿಸುವ ತೊಂದರೆಯೇ ಬೇಡವೆಂದು ಬೀದಿಗಳನ್ನೇ ತೆಗೆದರು. ಮಾರ್ಕೆಟ್ ಸ್ಟ್ರೀಟ್, ಕಾರ್ಪೊರೇಶನ್ ಸ್ಟ್ರೀಟ್, ವಿದಿ ಗ್ರೋವ್ ಇವುಗಳ ನಡುವಣ ಹಳೆಯ ಓಣಿಗಳನ್ನು ನೆಲಸಮ ಮಾಡಿ, ಅಲ್ಲಿ ‘ಆರ್ನ್‌ಡೇಲ್’ ಎಂಬ ಮಹಾ ಮಳಿಗೆಯನ್ನು ಕಟ್ಟಿದರು. 1972ರಲ್ಲಿ ಶುರುವಾದದ್ದು 1979ರವರೆಗೆ ನಡೆಯಿತು. ಹೊರಗೋಡೆಗೆಲ್ಲ ಹಳದಿ ಹೆಂಚು ಬಡಿದರು. ಊರಿನ ಜನ ಅದನ್ನು ಕಂಡು, ಯೂರೋಪಿನಲ್ಲೇ ಉದ್ದವಾದ ಕಕ್ಕಸಿನ ಗೋಡೆ ಎಂದು ಹೆಸರಿಟ್ಟರು. ಆಯಕಟ್ಟಿನ ಜಾಗದಲ್ಲಿ ಕೂತವರ ಬಾಯಿಂದ ಬರುವ ವಿಮರ್ಶೆಗಿಂತ ಬೀದಿಯವರ ಒಂದು ಮಾತು ಹೆಚ್ಚು ತೂಗುತ್ತದೆ.

ಸಣ್ಣ ವ್ಯಾಪಾರಿಗಳು ಇಲ್ಲಿ ಒಂದು ವಿಷಯವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಹಳೆಯ ಓಣಿಯಲ್ಲಿ ಅಂಗಡಿಯ ಬಾಗಿಲು ಬೀದಿಗೆ ತೆರೆಯುತ್ತದೆ, ಬೀದಿ ಎಲ್ಲರದು. ಮಹಾಮಳಿಗೆಯಲ್ಲಿ ಅಂಗಡಿಯ ಬಾಗಿಲು ಕಂಪನಿಯ ಹಜಾರಕ್ಕೆ ತೆರೆಯುತ್ತದೆ. ಹಜಾರದ ಬಾಗಿಲನ್ನು ಎಷ್ಟು ಗಂಟೆಗೆ ತೆಗೆಯಬೇಕು, ಎಷ್ಟಕ್ಕೆ ಹಾಕಬೇಕು, ಯಾರನ್ನು ಒಳಗೆ ಬಿಡಬೇಕು, ಯಾರನ್ನು ಕಾವಲುಗಾರ ಹೊರಗೆ ಕಳಿಸಬೇಕು, ಇದೆಲ್ಲ ಕಂಪನಿಯ ಮರ್ಜಿ. ಏನನ್ನೂ ಕೊಳ್ಳದೆ ಒಂದು ಗಂಟೆ ಕೂತು ಮಾತಾಡುವ ಮುದುಕನಿಗೆ ಅಲ್ಲಿ ಬೆಂಚಿಲ್ಲ. ಅವನು ಗಿರಾಕಿಯಲ್ಲ, ಆದ್ದರಿಂದ ಅವನು ಯಾರೂ ಅಲ್ಲ. ಮುದ್ರಣಾಲಯಕ್ಕೂ ಇದೇ ಗತಿ ಬಂತು. 1980ರ ದಶಕದಲ್ಲಿ ಯಂತ್ರ ನಿಂತಿತು. 2000ದಲ್ಲಿ ಅದೇ ಗೋಡೆಗಳೊಳಗೆ ‘ಪ್ರಿಂಟ್‌ವರ್ಕ್ಸ್’ ಎಂಬ ಹೆಸರಿನ ಸಿನಿಮಾ ಹೋಟೆಲುಗಳ ಮೋಜಿನ ಮನೆ ತೆರೆಯಿತು. ಮುದ್ರಿಸುವವರು ಹೋದರು, ಹೆಸರು ಮಾತ್ರ ಅಲಂಕಾರಕ್ಕೆ ಉಳಿಯಿತು.

ಹಳೆಯದೆಲ್ಲವನ್ನೂ ಅವರು ಕೆಡವಲಿಲ್ಲ ಎಂದು ಯಾರಾದರೂ ವಾದಿಸಬಹುದು. ನಿಜ. 1552ರಲ್ಲಿ ಕಟ್ಟಿದ ‘ಓಲ್ಡ್ ವೆಲಿಂಗ್‌ಟನ್’ ಎಂಬ ಪಾನಗೃಹ ಅಲ್ಲಿಯೇ ಸಮೀಪದಲ್ಲಿತ್ತು. 1970ರ ದಶಕದಲ್ಲಿ ಹೊಸ ಕಟ್ಟಡಗಳ ಮಟ್ಟಕ್ಕೆ ಸರಿಹೊಂದಲೆಂದು ಅದನ್ನು ಬುಡಸಮೇತ ನಾಲ್ಕಡಿಗೂ ಹೆಚ್ಚು ಮೇಲಕ್ಕೆತ್ತಿದರು. 1996ರ ಜೂನ್ 15ರಂದು ಐರಿಷ್ ರಿಪಬ್ಲಿಕನ್ ಸೈನ್ಯದವರ ಲಾರಿ ಬಾಂಬು ಕಾರ್ಪೊರೇಶನ್ ಸ್ಟ್ರೀಟಿನಲ್ಲಿ ಸಿಡಿದು ಇನ್ನೂರಕ್ಕೂ ಹೆಚ್ಚು ಜನ ಗಾಯಗೊಂಡರು, ನಡುಪೇಟೆ ಜರ್ಜರಿತವಾಯಿತು. ಆಮೇಲೆ ಹೊಸ ನಕಾಶೆ ಬಂತು. ಹೊಸ ನಕಾಶೆಗೆ ಆ ಪಾನಗೃಹ ಅಡ್ಡವಾಯಿತು. ಆಗ ಅದನ್ನು ತೊಲೆ ತೊಲೆಯಾಗಿ ಬಿಚ್ಚಿ, ಇಗರ್ಜಿಯ ಹತ್ತಿರಕ್ಕೆ ಒಯ್ದು, ಮತ್ತೆ ಜೋಡಿಸಿ 1999ರಲ್ಲಿ ಬಾಗಿಲು ತೆರೆದರು. ಕೆಲಸಗಾರರ ಕೈಚಳಕವನ್ನು ನಾವು ಮೆಚ್ಚುತ್ತೇವೆ. ಆದರೆ ನಾನೂರೈವತ್ತು ವರ್ಷದ ಮರದ ಮನೆಯನ್ನು ಬಿಚ್ಚಿ ಬೇರೆ ಕಡೆ ಕಟ್ಟುವ ಹಣ, ವಿದ್ಯೆ, ಮನಸ್ಸು ಮೂರೂ ಇವರ ಹತ್ತಿರ ಇದ್ದವು ಎಂದ ಮೇಲೆ, ಉಳಿದವುಗಳನ್ನು ಉಳಿಸಲಾಗಲಿಲ್ಲ ಎಂಬ ಮಾತಿಗೆ ಬೆಲೆಯೆಲ್ಲಿ ಬಂತು? ಮನೆಯನ್ನು ಎತ್ತಿಕೊಂಡು ಹೋಗಬಹುದು. ಬೀದಿಯನ್ನು ಎತ್ತಿಕೊಂಡು ಹೋಗಲಾಗುವುದಿಲ್ಲ ಎಂಬುದು ಬೇರೆ ಮಾತು.

ಊರಿನ ಇನ್ನೊಂದು ತುದಿಯಲ್ಲಿ, ಈಸ್ಟ್ ಸ್ಟ್ರೀಟಿನಲ್ಲಿ, ‘ಟಾಮಿ ಡಕ್ಸ್’ ಎಂಬ ಪಾನಗೃಹವಿತ್ತು. ಯಜಮಾನನ ಹೆಸರು ಡಕ್‌ವರ್ತ್; ಫಲಕ ಬರೆಯುವವನಿಗೆ ಜಾಗ ಸಾಲದೆ ಹೆಸರು ಅರ್ಧಕ್ಕೆ ನಿಂತು ‘ಡಕ್ಸ್’ ಆಯಿತೆಂದು ಕಥೆ. ಅದರ ಮಾಳಿಗೆಗೆ ಏನನ್ನು ತೂಗುಹಾಕಿದ್ದರೆಂದು ಇಲ್ಲಿ ಬರೆದರೆ ನಮ್ಮ ಅಚ್ಚುಕೂಟದ ಹುಡುಗರು ದಿನವೆಲ್ಲ ನಗುತ್ತಾರೆ, ಆದ್ದರಿಂದ ಬಿಡುತ್ತೇವೆ. 1993ರಲ್ಲಿ ಒಂದು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಆ ಮನೆ ಇರಲಿಲ್ಲ. ಹಗಲಿನಲ್ಲಿ ಮಾಡಲು ಧೈರ್ಯವಿಲ್ಲದ ಕೆಲಸವನ್ನು ರಾತ್ರಿ ಮಾಡುವವರಿಗೆ ನಮ್ಮ ಭಾಷೆಯಲ್ಲಿ ಒಂದು ಹೆಸರಿದೆ.

ಟಾಮಿ ಡಕ್ಸ್ ಇದ್ದದ್ದು ಸೇಂಟ್ ಪೀಟರ್ಸ್ ಮೈದಾನದ ಮಗ್ಗುಲಲ್ಲಿ. 1819ರ ಆಗಸ್ಟ್ 16ರಂದು ಆ ಮೈದಾನದಲ್ಲಿ ಅರವತ್ತು ಸಾವಿರದಷ್ಟು ಜನ, ಬಹುಪಾಲು ನೇಕಾರರು, ಗಿರಣಿಯವರು, ಅವರ ಹೆಂಡಿರು ಮಕ್ಕಳು, ಮತದಾನದ ಹಕ್ಕು ಕೇಳಲು ಮಡಿಬಟ್ಟೆ ಉಟ್ಟು ಬಂದಿದ್ದರು. ಕುದುರೆ ದಳದವರು ಕತ್ತಿ ಹಿರಿದು ಅವರ ಮೇಲೆ ನುಗ್ಗಿದರು. ಹದಿನೈದಕ್ಕೆ ಕಡಿಮೆಯಿಲ್ಲದಂತೆ ಜನ ಸತ್ತರು, ಆರುನೂರಕ್ಕೂ ಮಿಕ್ಕಿ ಗಾಯಗೊಂಡರು. ವಾಟರ್‌ಲೂ ಯುದ್ಧವನ್ನು ಅಣಕಿಸಿ ಜನ ಇದಕ್ಕೆ ‘ಪೀಟರ್‌ಲೂ’ ಎಂದರು. ಆ ಜಾಗದಲ್ಲಿ 1972ರಲ್ಲಿ ಒಂದು ನೀಲಿ ಫಲಕ ಹಾಕಿದರು. ಅದರಲ್ಲಿ, ಸಭೆಯನ್ನು ಸೈನಿಕರು ಚದುರಿಸಿದರು ಎಂದಿತ್ತು. ಚದುರಿಸಿದರಂತೆ! ಸತ್ತವರ ಮಾತೇ ಇಲ್ಲ. ಕಾಗೆಗಳನ್ನು ಚದುರಿಸುತ್ತಾರೆ, ಮನುಷ್ಯರನ್ನು ಕತ್ತಿಯಿಂದ ಕಡಿದರೆ ಅದಕ್ಕೆ ಬೇರೆ ಕ್ರಿಯಾಪದವಿದೆ. ಊರಿನವರು ಪಟ್ಟುಹಿಡಿದು ಚಳವಳಿ ಮಾಡಿದ ಮೇಲೆ 2007ರಲ್ಲಿ ಆ ಫಲಕವನ್ನು ತೆಗೆದು, ಶಸ್ತ್ರಸಜ್ಜಿತ ಕುದುರೆ ದಳ ನಿರಾಯುಧರ ಮೇಲೆ ದಾಳಿ ಮಾಡಿತೆಂದೂ ಎಷ್ಟು ಜನ ಸತ್ತರೆಂದೂ ಹೇಳುವ ಕೆಂಪು ಫಲಕವನ್ನು ಹಾಕಿದರು. ಒಂದು ಶಬ್ದವನ್ನು ಬದಲಾಯಿಸಲು ಮೂವತ್ತೈದು ವರ್ಷ!

ಈ ಫಲಕದ ಕಥೆಯನ್ನು ನಾವು ಸುಮ್ಮನೆ ತಂದಿಲ್ಲ. ಮನೆ ಬಿದ್ದ ಮೇಲೆ ಉಳಿಯುವುದು ಫಲಕ. ಫಲಕದ ಮೇಲೆ ಬರೆಯುವವರು ಅಧಿಕಾರದಲ್ಲಿರುವವರು. ಹಳೆಯ ಬೆಂಚು ಇದ್ದರೆ ಅದರ ಮೇಲೆ ಕೂತ ಯಾವನೋ ಒಬ್ಬ ಅಜ್ಜ ಮೊಮ್ಮಗನಿಗೆ, ಚದುರಿಸಿದ್ದಲ್ಲ ಕಣೋ, ಕಡಿದದ್ದು ಎಂದು ಹೇಳುತ್ತಾನೆ. ಅದಕ್ಕೇ ಬೆಂಚಿನ ಮೇಲೆ ಕಣ್ಣು. ಅದೇ ಮೈದಾನದ ಇನ್ನೊಂದು ಮಗ್ಗುಲಿಗೆ, ಬೂಟಲ್ ಸ್ಟ್ರೀಟಿನಲ್ಲಿ, ‘ಸರ್ ರಾಲ್ಫ್ ಅಬರ್‌ಕ್ರಾಂಬಿ’ ಎಂಬ ಪಾನಗೃಹವಿದೆ. ಪೀಟರ್‌ಲೂವಿನ ಗಾಯಾಳುಗಳನ್ನು ಆ ಮನೆಯೊಳಕ್ಕೆ ಹೊತ್ತು ತಂದರೆಂದು ಊರಿನವರು ತಲೆಮಾರುಗಳಿಂದ ಹೇಳುತ್ತಾ ಬಂದಿದ್ದಾರೆ. 2016ರಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರರಿದ್ದ ಒಂದು ಕೂಟ, ಅದನ್ನು ಕೆಡವಿ ಗೋಪುರಗಳನ್ನು ಕಟ್ಟುವ ಯೋಜನೆ ತಂದಿತು. ಜನ ಸಾವಿರಗಟ್ಟಲೆ ಸಹಿ ಹಾಕಿದರು. 2017ರಲ್ಲಿ ಯೋಜನೆಯನ್ನು ತಿದ್ದಿ ಪಾನಗೃಹವನ್ನು ಉಳಿಸಬೇಕಾಯಿತು. ಸಹಿಗೆ ಬೆಲೆಯಿಲ್ಲ ಎನ್ನುವ ನಮ್ಮ ಸೋಮಾರಿ ಮಿತ್ರರು ಇದನ್ನು ಓದಲಿ.

ಇನ್ನೂ ದೊಡ್ಡ ಪಾಠ ಲಂಡನ್ನಿನಿಂದ ಬಂದಿದೆ. ಅಲ್ಲಿನ ಮೈಡಾ ವೇಲ್ ಎಂಬಲ್ಲಿ ‘ಕಾರ್ಲ್‌ಟನ್ ಟಾವರ್ನ್’ ಎಂಬ ಪಾನಗೃಹ, 1920–21ರಲ್ಲಿ ಕಟ್ಟಿದ್ದು, ಎರಡನೆಯ ಮಹಾಯುದ್ಧದ ಬಾಂಬುಗಳ ಮಳೆಯಲ್ಲಿ ಬದುಕಿ ಉಳಿದದ್ದು. ಅದನ್ನು ಕೆಡವಿ ಹತ್ತು ವಸತಿಗಳನ್ನು ಕಟ್ಟಲು ಮಾಲೀಕ ಕಂಪನಿ ಅನುಮತಿ ಕೇಳಿತು, ನಗರಸಭೆ ಕೊಡಲಿಲ್ಲ. ಕಟ್ಟಡವನ್ನು ರಕ್ಷಿತ ಪಟ್ಟಿಗೆ ಸೇರಿಸುವ ಆಜ್ಞೆ ಇನ್ನೇನು ಬರಬೇಕು, ಆಗ, 2015ರ ಏಪ್ರಿಲಿನಲ್ಲಿ, ದಾಸ್ತಾನು ಎಣಿಸಬೇಕಾಗಿದೆ, ಒಂದು ದಿನ ಬಾಗಿಲು ಹಾಕಿರಿ ಎಂದು ಪಾನಗೃಹ ನಡೆಸುತ್ತಿದ್ದ ಹೆಣ್ಣುಮಗಳಿಗೆ ಹೇಳಿದರು. ಆಕೆ ಮರಳಿ ಬಂದಾಗ ಯಂತ್ರಗಳು ಕೆಲಸ ಮುಗಿಸಿದ್ದವು. ಅಲ್ಲಿ ಇಟ್ಟಿಗೆಯ ಗುಡ್ಡೆಯಿತ್ತು.

ಇಲ್ಲಿಯವರೆಗೆ ಇದು ನಮಗೆಲ್ಲ ಗೊತ್ತಿರುವ ಕಥೆಯೇ. ಮುಂದಿನದು ಬೇರೆ. ಬೀದಿಯ ಜನಕ್ಕೆ ಮೊದಲೇ ವಾಸನೆ ಹತ್ತಿತ್ತು. ಅವರು ಹೇಳಿದ್ದರಿಂದ ಪರಂಪರೆಯ ಇಲಾಖೆಯವರು ಬಂದು ಕಟ್ಟಡದ ಮೂಲೆಮೂಲೆಯ ಫೋಟೋ ತೆಗೆದು, ಹೆಂಚುಗಳ ಅಚ್ಚು ಹುಯ್ದುಕೊಂಡು ಹೋಗಿದ್ದರು. ನಗರಸಭೆ ಕಂಪನಿಗೆ ಆಜ್ಞೆ ಮಾಡಿತು: ಕೆಡವಿದ್ದನ್ನು ಇದ್ದ ಹಾಗೆಯೇ ಇಟ್ಟಿಗೆ ಇಟ್ಟಿಗೆಯಾಗಿ ತಿರುಗಿ ಕಟ್ಟು. ಕಂಪನಿ ಅಪೀಲು ಹೋಯಿತು. 2016ರಲ್ಲಿ ಅಪೀಲು ಬಿದ್ದುಹೋಯಿತು. ಕಂಪನಿ ಕಟ್ಟಿತು! 2021ರ ಏಪ್ರಿಲಿನಲ್ಲಿ, ಕೆಡವಿ ಆರು ವರ್ಷಕ್ಕೆ, ಅದೇ ಜಾಗದಲ್ಲಿ, 2015ರ ಅವಶೇಷದಿಂದ ಆಯ್ದ ಹಳೆಯ ಇಟ್ಟಿಗೆಗಳೂ ಸೇರಿದ ಅದೇ ಮನೆ ಬಾಗಿಲು ತೆರೆಯಿತು.

ಆದದ್ದು ಆಗಿಹೋಯಿತು, ಬಿದ್ದದ್ದು ಬಿದ್ದುಹೋಯಿತು, ಇನ್ನು ಅತ್ತೇನು ಫಲ ಎಂದು ನಮಗೆ ಬುದ್ಧಿ ಹೇಳುವ ವಕೀಲರು, ಕೌನ್ಸಿಲರರು, ಪತ್ರಿಕಾ ಪಂಡಿತರು ಎಷ್ಟು ಜನ! ಅವರಿಗೆ ನಾವು ಕಾರ್ಲ್‌ಟನ್ ಟಾವರ್ನಿನ ವಿಳಾಸ ಕೊಡುತ್ತೇವೆ. ಕೂಲಿಕಾರ ಧಣಿಯ ಗಾಜಿನ ಕಿಟಕಿಯೊಂದನ್ನು ಒಡೆದರೆ ಅದು ನಷ್ಟ, ಅದಕ್ಕೆ ದಂಡವಿದೆ, ಜೈಲಿದೆ. ಧಣಿ ಒಂದು ಬೀದಿಯ ಕೂತೆದ್ದ ಜಾಗವನ್ನು ಒಡೆದರೆ ಅದು ‘ಭಾವನೆಯ ಪ್ರಶ್ನೆ’! ಇಟ್ಟಿಗೆಯ ಬೆಲೆಯನ್ನು ಮಾತ್ರ ಎಣಿಸುವ ಈ ತಕ್ಕಡಿಯನ್ನು ಲಂಡನ್ನಿನ ಒಂದು ನಗರಸಭೆ ಒಂದು ಸಲವಾದರೂ ಪಕ್ಕಕ್ಕಿಟ್ಟಿತು. ಪಾನಗೃಹಗಳನ್ನು ಯೋಜನಾ ಇಲಾಖೆಯ ಅನುಮತಿಯಿಲ್ಲದೆ ಕೆಡವಕೂಡದೆಂದು ಇಂಗ್ಲೆಂಡಿನ ಕಾನೂನು ಬಂದದ್ದು 2017ರಲ್ಲಿ. ಅಲ್ಲಿಯವರೆಗೆ ಬಹುಪಾಲು ಮನೆಗಳನ್ನು ಕೇಳದೆಯೇ ಕೆಡವಬಹುದಿತ್ತು ಎಂಬುದನ್ನೂ ಮರೆಯಬಾರದು. ಕಾನೂನು ತಾನಾಗಿ ಬರಲಿಲ್ಲ. ಕೆಡವಿದ ಮನೆಗಳ ಮುಂದೆ ನಿಂತು ಕೂಗಿದವರು ತಂದದ್ದು. ಲಂಡನ್ನಿನ ನನ್‌ಹೆಡ್ ಎಂಬಲ್ಲಿ ‘ಐವಿ ಹೌಸ್’ ಎಂಬ ಪಾನಗೃಹವನ್ನು 2013ರಲ್ಲಿ ಬೀದಿಯ ನೂರಾರು ಜನ ಷೇರು ಹಾಕಿ ತಾವೇ ಕೊಂಡುಕೊಂಡರು. ಸಾರ್ವಜನಿಕರ ಮನೆ ಎಂಬ ಮಾತು ಆಗ ಕಾಗದದಲ್ಲಿಯೂ ನಿಜವಾಯಿತು.

ಮ್ಯಾಂಚೆಸ್ಟರಿನ ಧಣಿಗಳು ನಮ್ಮ ಮಗ್ಗಗಳನ್ನು ಮುರಿದವರು. ಅವರ ಊರಿಗಾಗಿ ನಾವೇಕೆ ಮರುಗಬೇಕೆಂದು ಕೇಳುವ ಓದುಗರೂ ಇರಬಹುದು. 1931ರಲ್ಲಿ ಗಾಂಧೀಜಿ ಲ್ಯಾಂಕಾಶೈರಿಗೆ ಹೋದರು. ನಮ್ಮ ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡಿದ್ದ ಗಿರಣಿಯ ಹೆಣ್ಣುಮಕ್ಕಳೇ ಅವರನ್ನು ಸುತ್ತುವರಿದು ಜಯಕಾರ ಹಾಕಿದರು. ಆ ಫೋಟೋ ಇಂದಿಗೂ ಇದೆ. ಧಣಿ ಬೇರೆ, ದುಡಿಯುವವಳು ಬೇರೆ ಎಂದು ಆ ಹೆಣ್ಣುಮಕ್ಕಳಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಪಾನನಿರೋಧದ ಗಾಂಧೀಜಿಯನ್ನು ಪಾನಗೃಹದ ಲೇಖನದೊಳಗೆ ಎಳೆತಂದದ್ದಕ್ಕೆ ಹಿರಿಯರು ಕ್ಷಮಿಸಬೇಕು.

ಈಗ ನಮ್ಮ ಊರಿಗೆ ಬರೋಣ. ಗಿರಣಿಯ ಪಾಳಿ ಬಿಟ್ಟ ಮೇಲೆ ನೀವು ಎಲ್ಲಿ ಕೂಡುತ್ತಿದ್ದಿರಿ? ಮುಷ್ಕರದ ಮಾತು ಮೊದಲು ಹುಟ್ಟಿದ್ದು ಯಾವ ಹೋಟೆಲಿನ ಯಾವ ಬೆಂಚಿನ ಮೇಲೆ? ಸಂಬಳ ಬರದ ತಿಂಗಳು ಚಹಕ್ಕೆ ಲೆಕ್ಕ ಬರೆದುಕೊಂಡು ಸುಮ್ಮನಿದ್ದ ಅಂಗಡಿಯವರು ಯಾರು? ಆ ಕಟ್ಟಡ ಇಂದು ಇದೆಯೇ, ಇಲ್ಲವಾದರೆ ಆ ಜಾಗದಲ್ಲಿ ಏನಿದೆ, ಯಾವ ವರ್ಷ ಬಿತ್ತು? ಒಂದು ಕಾರ್ಡಿನ ಮೇಲೆ ಬರೆದು ನಮ್ಮ ಕಚೇರಿಗೆ ಕಳಿಸಿರಿ. ಬರೆಯಲು ಬಾರದವರು ಸಂಜೆ ಆರರ ಮೇಲೆ ಬಂದು ಹೇಳಿರಿ, ನಾವು ಬರೆದುಕೊಳ್ಳುತ್ತೇವೆ. ಬಂದದ್ದನ್ನೆಲ್ಲ ಬೀದಿಯ ಹೆಸರಿನ ಸಮೇತ ಅಚ್ಚು ಹಾಕುತ್ತೇವೆ. ಇನ್ನೂ ನಿಂತಿರುವ ಕಟ್ಟಡವಾದರೆ ಅದರ ಒಂದು ಫೋಟೋವನ್ನೂ ಇಟ್ಟು ಕಳಿಸಿರಿ; ಹೆಂಚು, ಕಂಬ, ಬಾಗಿಲು ಸ್ಪಷ್ಟವಾಗಿ ಕಾಣುವಂತಿರಲಿ.